ಐವತ್ತರ ದಶಕದಿಂದ ಇವತ್ತಿನವರೆಗೆ: ಕನ್ನಡ ಹಾಡುಗಳ ಸರಣಿ ಕಟ್ಟುವ ಬಗೆ

ಮೊದಲ ಸರಣಿಗೆ 24 ಹಾಡು ಸಾಕು. ಒಂದೊಂದು ನಾಲ್ಕು ನಿಮಿಷವೆಂದರೂ ಒಂದೂವರೆ ಗಂಟೆ ದಾಟುತ್ತದೆ. ಬರೀ ಹಿಟ್ ಹಾಡುಗಳನ್ನೇ ಆರಿಸುತ್ತಾ ಹೋದರೆ ಎಂಬತ್ತರ ದಶಕವೇ ಅರ್ಧ ಜಾಗ ನುಂಗಿಬಿಡುತ್ತದೆ. ಹಾಗಾಗಿ ದನಿ ಹಿಡಿದು ಆರಿಸಿ. ಎರಡು ಹಾಡು ಪಕ್ಕಪಕ್ಕ ಬಂದಾಗ ಕಾಲ ಬದಲಾದದ್ದು ಕಿವಿಗೆ ಗೊತ್ತಾಗಬೇಕು.

ಇದಕ್ಕೆ ರಾಜ್‌ಕುಮಾರ್ ಹಾಡುಗಳಿಗಿಂತ ಒಳ್ಳೆಯ ಎಳೆ ಇನ್ನೊಂದಿಲ್ಲ. 1954ರ ‘ಬೇಡರ ಕಣ್ಣಪ್ಪ’ದ ‘ಶಿವಪ್ಪ ಕಾಯೋ ತಂದೆ’ಯಲ್ಲಿ ಅವರಿಗೆ ದನಿಯಾದವರು ಸಿ.ಎಸ್. ಜಯರಾಮನ್. 1964ರ ‘ನಾಂದಿ’ಯ ‘ಹಾಡೊಂದ ಹಾಡುವೆ’ಯಲ್ಲಿ ಪಿ.ಬಿ. ಶ್ರೀನಿವಾಸ್. 1974ರ ‘ಸಂಪತ್ತಿಗೆ ಸವಾಲ್’ನ ‘ಯಾರೇ ಕೂಗಾಡಲಿ’ಗೆ ಬಂದರೆ ಎಮ್ಮೆ ಮೇಲೆ ಕೂತು ಹಾಡುತ್ತಿರುವುದು ಅವರದೇ ಗಂಟಲು. ಅಲ್ಲಿಂದಾಚೆ ತಮ್ಮ ಹಾಡುಗಳನ್ನು ಹೆಚ್ಚಾಗಿ ತಾವೇ ಹಾಡಿದರು. 1992ರ ‘ಜೀವನ ಚೈತ್ರ’ದ ‘ನಾದಮಯ’ವನ್ನು ಕೊನೆಗಿಡಿ. ಮುಖ ಒಂದೇ, ದನಿ ಮೂರು. ಈ ನಾಲ್ಕನ್ನು ಬಿಡಿಸದೆ ಒಂದರ ಹಿಂದೊಂದು ಕೇಳಿಸಿ.

ಎಪ್ಪತ್ತು–ಎಂಬತ್ತರಲ್ಲಿ ಸಂಗೀತ ನಿರ್ದೇಶಕರಿಗೆ ಹೊರಳಿ. ರಾಜನ್–ನಾಗೇಂದ್ರ ಅವರ ‘ಎರಡು ಕನಸು’, ಇಳಯರಾಜಾ ಅವರ ‘ಗೀತಾ’ (1981) ಮತ್ತು ‘ಪಲ್ಲವಿ ಅನುಪಲ್ಲವಿ’ (1983), ಆಮೇಲೆ ಹಂಸಲೇಖ ಅವರ ‘ಪ್ರೇಮಲೋಕ’ (1987). ‘ಪಲ್ಲವಿ ಅನುಪಲ್ಲವಿ’ಯ ‘ನಗುವಾ ನಯನ’ವಾದ ಕೂಡಲೇ ‘ಪ್ರೇಮಲೋಕ’ದ ಹಾಡು ಹಾಕಿದರೆ ನಾಲ್ಕೇ ವರ್ಷದಲ್ಲಿ ವಾದ್ಯಗಳ ನಾದ, ಲಯ, ಹಾಡಿನ ಮಾತು ಎಲ್ಲಾ ಎಷ್ಟು ಬದಲಾಯಿತೆಂದು ವಿವರಿಸಬೇಕಾಗಿಯೇ ಇಲ್ಲ. 2006ರ ‘ಮುಂಗಾರು ಮಳೆ’, 2016ರ ‘ಕಿರಿಕ್ ಪಾರ್ಟಿ’ಯಿಂದ ಎರಡೆರಡು ಸಾಕು.

ಭಾವಗೀತೆಯನ್ನು ದಯವಿಟ್ಟು ಬಿಡಬೇಡಿ. ಮೈಸೂರು ಅನಂತಸ್ವಾಮಿ ಅವರ ‘ನಿತ್ಯೋತ್ಸವ’ ಕ್ಯಾಸೆಟ್ (1978), ಸಿ. ಅಶ್ವತ್ಥ್ ಅವರ ‘ಮೈಸೂರು ಮಲ್ಲಿಗೆ’ ಇಲ್ಲದೆ ಆ ಕಾಲದ ಚಿತ್ರ ಪೂರ್ತಿಯಾಗುವುದಿಲ್ಲ. ಇವುಗಳಲ್ಲಿ ಸದ್ದು ಕಡಿಮೆ, ಮಾತೇ ಮುಖ್ಯ. ಅಬ್ಬರದ ಹಾಡಾದ ಮೇಲೆ ಹಾಕಿದರೆ ಮೊದಲ ಸಾಲು ಕಿವಿಗೆ ಬೀಳುವುದೇ ಇಲ್ಲ, ಮೆಲುದನಿಯ ಹಾಡಿನ ನಂತರ ಇಡಿ.

ಹುಡುಕುವಾಗ ಎಡವುವುದು ಎರಡು ಕಡೆ. ಒಂದು, ಹೆಸರು: ‘ನಾಗರಹಾವು’ ಅಂತ ಹಾಕಿದರೆ 1972ರದ್ದರ ಜೊತೆ 2002, 2016ರವೂ ಬರುತ್ತವೆ. ‘ಗೀತಾ’ದ ‘ಜೊತೆಯಲಿ ಜೊತೆ ಜೊತೆಯಲಿ’ ಹುಡುಕಿದರೆ 2006ರ ‘ಜೊತೆ ಜೊತೆಯಲಿ’ ಸಿನಿಮಾ ಎದುರಾಗುತ್ತದೆ. ಸಿನಿಮಾ ಹೆಸರಿನ ಜೊತೆ ಸಂಗೀತ ನಿರ್ದೇಶಕರ ಹೆಸರನ್ನೂ ಹಾಕಿ. ಇನ್ನೊಂದು, ಇಸವಿ: ಆ್ಯಪ್‌ಗಳು ಎಷ್ಟೋ ಸಲ ಸಂಕಲನ ಬಿಟ್ಟ ವರ್ಷವನ್ನೇ ತೋರಿಸುತ್ತವೆ. ಇಸವಿವಾರು ಜೋಡಿಸುವ ಕೆಲಸವನ್ನು ಅದಕ್ಕೆ ಬಿಟ್ಟರೆ ಐವತ್ತರ ಹಾಡು 2000ದ ನಂತರ ಹೋಗಿ ಕೂರುತ್ತದೆ. ಕೈಯಾರೆ ಜೋಡಿಸಿ. ಗಾಯಕರ ಹೆಸರನ್ನೂ ಒಮ್ಮೆ ನೋಡಿ, ಬೇರೆಯವರು ಮತ್ತೆ ಹಾಡಿದ್ದು ಅದೇ ಪೋಸ್ಟರ್ ಹೊತ್ತು ಬಂದಿರುತ್ತದೆ.

ಹಳೆಯ ಹಾಡಿಗೆ ಒಂದು ಚರಣ ಕಡಿಮೆಯೆನಿಸಿದರೆ ಕಡತ ಕೆಟ್ಟಿದೆಯೆಂದುಕೊಳ್ಳಬೇಡಿ. ಆಗಿನ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು) ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುತ್ತಿದ್ದುದು ಮೂರು ನಿಮಿಷ, ಮೇಲೊಂದಿಷ್ಟು. ಉದ್ದದ ಹಾಡನ್ನು ಮೊಟಕು ಮಾಡುತ್ತಿದ್ದರು, ಇಲ್ಲವೇ ಎರಡು ಬದಿಗೆ ಹಂಚುತ್ತಿದ್ದರು. ಪೂರ್ತಿ ಬೇಕೆಂದರೆ ಸಿನಿಮಾದಲ್ಲೇ ಕೇಳಿ.

ಕೊನೆಯದಾಗಿ ಸದ್ದಿನ ಮಟ್ಟ. ಹೊಸ ಹಾಡು ಜೋರು, ಹಳೆಯದು ಮೆಲ್ಲಗೆ. ಹಳೆಯದನ್ನು ಏರಿಸಿದರೆ ‘ಸುಂಯ್’ ಎನ್ನುವ ಹಿನ್ನೆಲೆ ಸದ್ದೂ ಏರುತ್ತದೆ, ಎತ್ತರದ ಸ್ವರ ಒಡೆಯುತ್ತದೆ. ಹೊಸದನ್ನೇ ಇಳಿಸಿ. ಹಾಡುಗಳ ಸದ್ದು ಸರಿದೂಗಿಸುವ ಎಂಪಿ3ಗೇನ್ ತಂತ್ರಾಂಶದಲ್ಲಿ ‘ಟ್ರ್ಯಾಕ್’ (ಒಂದೊಂದು ಹಾಡಿಗೂ ಬೇರೆಬೇರೆ) ಆರಿಸಿ 89 ಡೆಸಿಬೆಲ್‌ಗೆ ಬಿಟ್ಟರೆ ಸರಿಹೋಗುತ್ತದೆ. ಪೆನ್‌ಡ್ರೈವ್‌ಗೆ 256 ಕೆಬಿಪಿಎಸ್ ಗುಣಮಟ್ಟದ ಎಂಪಿ3 ಸಾಕು, 24 ಹಾಡಿಗೆ 200 ಎಂಬಿ ಕೂಡ ಬೇಡ. ಪೆನ್‌ಡ್ರೈವನ್ನು ಫ್ಯಾಟ್32 (FAT32) ಎಂಬ ಕಡತ ವ್ಯವಸ್ಥೆಗೆ ಫಾರ್ಮ್ಯಾಟ್ ಮಾಡಿ, ಕಡತದ ಹೆಸರಿನ ಮುಂದೆ 01, 02 ಅಂತ ಹಾಕಿ. ಇಲ್ಲದಿದ್ದರೆ ಕಾರಿನ ಸ್ಟೀರಿಯೊ ಅಕ್ಷರಮಾಲೆಯ ಕ್ರಮದಲ್ಲಿ ನುಡಿಸಿ, ಜೋಡಿಸಿದ್ದನ್ನೆಲ್ಲ ಕಲಸಿಬಿಡುತ್ತದೆ.