ನಮ್ಮ ಆಯಮ್ಮಂದಿರೇ ಈಗ ನಮ್ಮ ಟೀಚರುಗಳು

ತಿಪಟೂರಿನಲ್ಲಿ ನಾನು ಒಂದು ನರ್ಸರಿ ನಡೆಸುತ್ತಿದ್ದೇನೆ. ಮೂರರಿಂದ ಆರು ವರ್ಷದ ಮಕ್ಕಳು, ಹೆಚ್ಚುಕಡಿಮೆ ತೊಂಬತ್ತು ಜನ. ಟೀಚರುಗಳು ಆರು ಮಂದಿ. ಅವರಲ್ಲಿ ನಾಲ್ವರು ಮೊದಲು ಕೆಲಸಕ್ಕೆ ಬಂದದ್ದು ನೆಲ ಒರೆಸುವುದಕ್ಕೆ, ಮಕ್ಕಳನ್ನು ಬಾತ್‌ರೂಮಿಗೆ ಕರೆದುಕೊಂಡು ಹೋಗುವುದಕ್ಕೆ. ಎಸ್ಸೆಸ್ಸೆಲ್ಸಿ, ಬಹಳ ಅಂದರೆ ಪಿಯುಸಿ ಓದಿದವರು. ಕೆಲಸ ಮಾಡುತ್ತಲೇ ಕಲಿತರು. ಶುರುವಿನಲ್ಲಿ ನಾನು ಇದನ್ನು ಹೇಳಿದಾಗ ನಗದವರೇ ಇಲ್ಲ. ಇನ್ನೊಂದು ನರ್ಸರಿಯವರು ಒಂದು ಗೃಹಪ್ರವೇಶದ ಊಟದಲ್ಲಿ, ನಾಲ್ಕು ಜನರ ಮುಂದೆಯೇ "ಪೊರಕೆ ಹಿಡಿದ ಕೈಲಿ ಪಾಠ ಮಾಡಿಸ್ತೀರಾ ಮೇಡಂ?" ಎಂದು ಕೇಳಿದ್ದರು. ಕಳೆದ ವರ್ಷ ಅವರೇ ತಮ್ಮ ಇಬ್ಬರು ಹೆಂಗಸರನ್ನು ಕಲಿಯಲಿ ಅಂತ ನಮ್ಮಲ್ಲಿಗೆ ಕಳಿಸಿದರು. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ನರ್ಸರಿ ನಡೆಸುವವರಿಗೆ ತಲೆನೋವು ಯಾವುದು ಅಂತ ನಾನು ಹೇಳಬೇಕಾಗಿಲ್ಲ. ಎನ್‌ಟಿಟಿ, ಅಂದರೆ ನರ್ಸರಿ ಟೀಚರ್ ತರಬೇತಿಯ ಸರ್ಟಿಫಿಕೇಟ್ ಇರುವ ಹುಡುಗಿ ಜೂನ್‌ನಲ್ಲಿ ಬರುತ್ತಾಳೆ. ದಸರಾ ರಜೆ ಮುಗಿದ ಮೇಲೆ ಬರುವುದಿಲ್ಲ. ಮದುವೆ ಗೊತ್ತಾಗಿರುತ್ತದೆ, ಇಲ್ಲವೇ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿರುತ್ತದೆ. ನಾನು ಅವರನ್ನು ದೂರುವುದಿಲ್ಲ, ತಿಂಗಳಿಗೆ ಒಂಬತ್ತು ಹತ್ತು ಸಾವಿರಕ್ಕೆ ಯಾರು ಊರು ಹಿಡಿದು ಕೂರುತ್ತಾರೆ? ಆದರೆ ನವೆಂಬರ್‌ನಲ್ಲಿ ಮಿಸ್ ಬದಲಾದರೆ ಮೂರು ವರ್ಷದ ಮಗು ಮತ್ತೆ ಜೂನ್‌ನ ಹಾಗೆ ಗೇಟಿನಲ್ಲಿ ಅಳುತ್ತದೆ. ಒಂದು ವರ್ಷವಂತೂ ಒಂದೇ ಕ್ಲಾಸಿಗೆ ಮೂರು ಜನ ಬದಲಾದರು.

ಮೊದಲು ದುಡ್ಡು ಹಾಕಿ ನೋಡಿದೆ. ಬೆಂಗಳೂರಿನಿಂದ ಒಬ್ಬ ಟ್ರೈನರ್‌ನ್ನು ಎರಡು ದಿನಕ್ಕೆ ಕರೆಸಿದೆ. ಫೀಸು ಹದಿನೆಂಟು ಸಾವಿರ, ಕಾರು, ಲಾಡ್ಜು, ಊಟ ಸೇರಿ ಇಪ್ಪತ್ತೈದರ ಹತ್ತಿರ ಆಯಿತು. ಪರದೆಯ ಮೇಲೆ ಮೆದುಳಿನ ಚಿತ್ರ, ಬಾಣದ ಗುರುತು, ಎಲ್ಲ ಇಂಗ್ಲಿಷಿನಲ್ಲಿ. ಎಲ್ಲರೂ ಬರೆದುಕೊಂಡರು, ಗ್ರೂಪ್ ಫೋಟೋ ಆಯಿತು. ಸೋಮವಾರ ಬೆಳಿಗ್ಗೆ ನೋಡಿದರೆ ಅದೇ "ಬಾಯಿ ಮೇಲೆ ಬೆರಳು" ಕ್ಲಾಸು. ಆಮೇಲೆ ಅರವತ್ತು ಎಪ್ಪತ್ತು ಸಾವಿರ ಕೊಟ್ಟು ಮಾಂಟೆಸ್ಸರಿ ಸಾಮಾನು, ಅಂದರೆ ಮಕ್ಕಳು ಕೈಯಲ್ಲಿ ಹಿಡಿದು ಕಲಿಯುವ ಆಟಿಕೆಗಳನ್ನು ತಂದೆ. ಕಳೆದುಹೋದರೆ ಯಾರು ಜವಾಬ್ದಾರಿ ಅಂತ ಟೀಚರುಗಳು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಮಕ್ಕಳು ಗಾಜಿನಾಚೆ ಅದನ್ನು ನೋಡಿಕೊಂಡು ಓಡಾಡುತ್ತಿದ್ದರು. ನಂತರ ಶನಿವಾರ ಮಧ್ಯಾಹ್ನ ನಾನೇ ಪಾಠ ಶುರು ಮಾಡಿದೆ. ಎರಡನೇ ವಾರಕ್ಕೆ ಅರ್ಧ ಜನ, ನಾಲ್ಕನೇ ವಾರಕ್ಕೆ ಒಬ್ಬರು. ಆ ಒಬ್ಬರಿಗೂ ತೂಕಡಿಕೆ.

ದಾರಿ ಕಂಡದ್ದು ಪಕ್ಕದ ಬೀದಿಯ ಅಂಗನವಾಡಿಯಲ್ಲಿ. ನಮ್ಮ ರಾಜ್ಯದಲ್ಲಿ 1975ರಲ್ಲಿ ಟಿ. ನರಸೀಪುರದಲ್ಲಿ ಅಂಗನವಾಡಿ ಯೋಜನೆ ಶುರುವಾದಾಗಿನಿಂದ ಅಂಗನವಾಡಿ ನಿಂತಿರುವುದೇ ಅದೇ ಊರಿನ, ಅದೇ ಕೇರಿಯ ಹೆಂಗಸರ ಮೇಲೆ ಅಲ್ವಾ. ಪಕ್ಕದ ಬೀದಿಯ ಆ ಕಾರ್ಯಕರ್ತೆಯವರಿಗೆ ಕೆಲಸಕ್ಕೆ ಸೇರಿದಾಗ ಕೊಟ್ಟ ತರಬೇತಿ 26 ದಿನದ್ದು. ಉಳಿದದ್ದನ್ನು ಮಕ್ಕಳ ಜೊತೆ ಇದ್ದೇ ಕಲಿತೆ ಎಂದರು ಅವರು. ಉಪ್ಪಿಟ್ಟು ಬಡಿಸುತ್ತಾ, ತೂಕ ನೋಡುತ್ತಾ, ಒಂದು ಮಗುವಿನ ಮೂಗು ಒರೆಸುತ್ತಾ ಇನ್ನೊಂದಕ್ಕೆ ಕಥೆ ಹೇಳುವುದನ್ನು ನೋಡಿದೆ. ನಮ್ಮ ಸರ್ಟಿಫಿಕೇಟಿನವರಲ್ಲಿ ಯಾರಿಗೂ ಅದು ಬರುತ್ತಿರಲಿಲ್ಲ. ಇದು ಹೊಸ ವಿಷಯವೂ ಅಲ್ಲ. 1945ರ ಸುಮಾರಿಗೇ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಮಹಾರಾಷ್ಟ್ರದ ಬೋರ್ಡಿಯಲ್ಲಿ ಹಳ್ಳಿ ಮಕ್ಕಳನ್ನು ಅಂಗಳದಲ್ಲೇ ಕೂರಿಸಿ, ಅಲ್ಲೇ ಸಿಗುವ ಸಾಮಾನಿನಲ್ಲಿ ಕಲಿಸಿದವರು. ಯಾರಾದರೂ ನನ್ನನ್ನು ಆಡಿಕೊಂಡಾಗ ಅವರಿಬ್ಬರ ಹೆಸರು ಹೇಳಿಬಿಡುತ್ತಿದ್ದೆ. ಬಾಯಿ ಮುಚ್ಚುತ್ತಿದ್ದರು.

ಈಗ ನಾವು ಮಾಡುವ ರೀತಿ ಹೇಳುತ್ತೇನೆ. ಹೆಂಗಸರನ್ನು ಆರಿಸುವಾಗ ಒಂದೇ ಪ್ರಶ್ನೆ ಕೇಳುತ್ತೇನೆ. ಅದೇನು ಅಂತ ಇಲ್ಲಿ ಬರೆಯುವುದಿಲ್ಲ, ಬರೆದರೆ ನಾಳೆಯಿಂದ ಎಲ್ಲರೂ ಉತ್ತರ ಸಿದ್ಧ ಮಾಡಿಕೊಂಡೇ ಬರುತ್ತಾರೆ. ನಡೆದು ಬರುವಷ್ಟು ಹತ್ತಿರದಲ್ಲಿ ಮನೆ ಇರಬೇಕು. ಪೊಲೀಸ್ ವೆರಿಫಿಕೇಷನ್ ಸರ್ಕಾರದ ಸೇವಾಸಿಂಧು ವೆಬ್‌ಸೈಟಿನಲ್ಲಿ ಅರ್ಜಿ ಹಾಕಿ ಮಾಡಿಸುತ್ತೇನೆ, ಅದು ಬರುವ ತನಕ ಮಕ್ಕಳ ಹತ್ತಿರ ಬಿಡುವುದಿಲ್ಲ.

ಮೊದಲ ಒಂದು ತಿಂಗಳು ಕಲಿಸುವ ಮಾತೇ ಇಲ್ಲ. ಬೇರೆ ಕೆಲಸದ ನಡುವೆ ದಿನಕ್ಕೆ ಹದಿನೈದು ನಿಮಿಷ ಗಿಡ್ಡ ಸ್ಟೂಲಿನ ಮೇಲೆ ಕೂತು ಒಂದೇ ಮಗುವನ್ನು ನೋಡಬೇಕು. ನೋಡಿದ್ದನ್ನು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ನಿಯಮ ಒಂದೇ: ಹಠಮಾರಿ, ಚೂಟಿ, ಸೋಮಾರಿ, ಒಳ್ಳೆಯವನು ಇಂಥ ಮಾತು ಬರೆಯುವಂತಿಲ್ಲ. ಕೈ ಏನು ಮಾಡಿತು, ಕಣ್ಣು ಎಲ್ಲಿತ್ತು, ಅಷ್ಟೇ. ಇದಕ್ಕೆ ಎಲ್ಲರೂ ಒದ್ದಾಡುತ್ತಾರೆ. ನಮ್ಮ ಮೊದಲನೆಯವರು ವಾರವಿಡೀ "ಇವತ್ತೂ ಬಾಗಿಲಲ್ಲಿ ಹಠ ಮಾಡಿದ" ಅಂತಲೇ ಬರೆದರು. ನಾನು ಪ್ರತಿ ದಿನ ಅಡ್ಡಗೆರೆ ಎಳೆದು ವಾಪಸ್ ಕೊಟ್ಟೆ. ಕೊನೆಗೆ ಒಂದು ದಿನ ಹೀಗೆ ಬರೆದಿದ್ದರು: "ಚಪ್ಪಲಿ ಬಿಚ್ಚೋಕೆ ಕೂತ. ಬಕಲ್ ಬರಲಿಲ್ಲ. ಎರಡು ಸಲ ಎಳೆದ. ಹಿಂದಿನಿಂದ ಇನ್ನೊಬ್ಬ ದಬ್ಬಿದ. ಅತ್ತ." ಓದಿದ ಕೂಡಲೇ ನಾನೂ ಅವರೂ ಮುಖ ಮುಖ ನೋಡಿಕೊಂಡೆವು. ಮಾರನೇ ದಿನವೇ ಎಲ್ಲ ಮನೆಗಳಿಗೂ ಬಕಲ್ ಇಲ್ಲದ ಚಪ್ಪಲಿ ಹಾಕಿ ಕಳಿಸಿ ಅಂತ ಚೀಟಿ ಕಳಿಸಿದೆ. ಬಾಗಿಲಿನ ಅಳು ಅರ್ಧಕ್ಕರ್ಧ ನಿಂತಿತು. ಅಷ್ಟು ದುಡ್ಡು ಕೊಟ್ಟು ಕರೆಸಿದ ಟ್ರೈನರ್‌ಗೆ ಈ ಬಕಲ್ ಕಂಡಿರಲಿಲ್ಲ.

ಆಮೇಲೆ ಹೊತ್ತು ಕೊಡುವುದು. ನಮ್ಮ ದಿನವನ್ನು ಆರು ಹೊತ್ತಾಗಿ ಮಾಡಿಕೊಂಡಿದ್ದೇವೆ: ಗೇಟು, ಕೈ ತೊಳೆಯುವುದು, ಡಬ್ಬಿ, ಬಯಲಾಟ, ಕೈಕೆಲಸ, ಕಥೆ. ಒಬ್ಬರಿಗೆ ಒಂದು ಸಲಕ್ಕೆ ಒಂದೇ ಹೊತ್ತು. ಆದರೆ ಆ ಹೊತ್ತು ಪೂರಾ ಅವರದು. ಅಷ್ಟು ಹೊತ್ತು ಅವರೇ ಯಜಮಾನಿ, ಹಳೆಯ ಟೀಚರು ಅವರ ಕೈಕೆಳಗೆ. ಗುಟ್ಟು ಇರುವುದೇ ಇಲ್ಲಿ, ಜಗಳ ಆದದ್ದೂ ಇಲ್ಲೇ. ನಮ್ಮಲ್ಲಿದ್ದ ಎಲ್ಲರಿಗಿಂತ ಚೆನ್ನಾಗಿ ಪಾಠ ಮಾಡುತ್ತಿದ್ದ ಟೀಚರು "ಆಯಮ್ಮ ಹೇಳಿದ ಹಾಗೆ ಕೇಳೋಕೆ ನಾನು ಬಂದಿಲ್ಲ" ಎಂದು ಕೆಲಸ ಬಿಟ್ಟರು. ಹೊಟ್ಟೆ ಉರಿಯಿತು. ಆದರೂ ಪಟ್ಟು ಬಿಡಲಿಲ್ಲ. ಸಹಾಯಕಿಯಾಗಿಯೇ ಇಟ್ಟುಕೊಂಡರೆ ಹತ್ತು ವರ್ಷವಾದರೂ ಸಹಾಯಕಿಯೇ.

ನಾನು ಮೊದಲು ಕೊಡುವುದು ಡಬ್ಬಿ ಹೊತ್ತು. ಇಪ್ಪತ್ತು ಮಕ್ಕಳು, ಇಪ್ಪತ್ತು ಥರದ ಮುಚ್ಚಳ. ಹಿಂದೆ ಟೀಚರು ಒಂದೊಂದೇ ಡಬ್ಬಿ ತೆರೆದು ಕೊಟ್ಟು, ತುತ್ತು ತಿನ್ನಿಸಿ, ಮುಕ್ಕಾಲು ಗಂಟೆ ಹೋಗುತ್ತಿತ್ತು. ಈ ಹೊತ್ತು ತೆಗೆದುಕೊಂಡ ಎರಡನೆಯವರು ತಾವೇ ಒಂದು ದಾರಿ ಹುಡುಕಿದರು. ಮಕ್ಕಳು ಕೈ ತೊಳೆಯಲು ಹೋದಾಗ ಬಿಗಿ ಇರುವ ಡಬ್ಬಿಗಳನ್ನು ಒಮ್ಮೆ ತೆರೆದು ಸಡಿಲವಾಗಿ ಮುಚ್ಚಿಡುವುದು. ಮಗು ಬಂದು ತಾನೇ ತೆರೆಯುತ್ತದೆ. ತಾನೇ ತೆರೆದ ಡಬ್ಬಿಯನ್ನು ತಾನೇ ತಿನ್ನುತ್ತದೆ. ದಿನ ಕಳೆದಂತೆ ಮುಚ್ಚಳ ಸ್ವಲ್ಪ ಸ್ವಲ್ಪ ಬಿಗಿ ಮಾಡುತ್ತಾ ಹೋಗುವುದು. ಡಿಸೆಂಬರ್ ಹೊತ್ತಿಗೆ ಇಪ್ಪತ್ತೈದು ನಿಮಿಷಕ್ಕೆ ಊಟ ಮುಗಿಯುತ್ತಿತ್ತು. ಯಾವ ತರಬೇತಿಯಲ್ಲೂ ಇದನ್ನು ಹೇಳಿಕೊಟ್ಟದ್ದು ನಾನು ಕೇಳಿಲ್ಲ.

ಹೊತ್ತು ಸರಿಯಾಗಿ ನಡೆಸುತ್ತಾರೆ ಅಂತ ನಾನೂ ಇನ್ನೊಬ್ಬ ಟೀಚರೂ ಒಪ್ಪಿದ ತಿಂಗಳಿನಿಂದಲೇ ಸಂಬಳಕ್ಕೆ ಐನೂರು ಸೇರುತ್ತದೆ. ಆರೂವರೆ ಸಾವಿರದಿಂದ ಶುರು, ಆರು ಹೊತ್ತು ಮುಗಿದರೆ ಒಂಬತ್ತೂವರೆ. ಒಂಟಿಯಾಗಿ ಕ್ಲಾಸು ಹಿಡಿದರೆ ಹನ್ನೊಂದು. ಇಷ್ಟಕ್ಕೆ ಒಂದೂವರೆ ವರ್ಷದ ಮೇಲೇ ಬೇಕು. ಮಕ್ಕಳು ಹೋದ ಮೇಲೆ ದಿನಾ ಅರ್ಧ ಗಂಟೆ ಟೀ, ಮಂಡಕ್ಕಿ, ಆ ದಿನದ ಒಂದೇ ಒಂದು ವಿಷಯದ ಮಾತು. ಅದೂ ಸಂಬಳದ ಸಮಯವೇ, ಬಿಟ್ಟಿ ಅಲ್ಲ. ಶನಿವಾರದ ಪಾಠದಲ್ಲಿ ಮಲಗುತ್ತಿದ್ದವರು ಈ ಅರ್ಧ ಗಂಟೆಯಲ್ಲಿ ನನಗೇ ಮಾತಾಡಲು ಬಿಡುವುದಿಲ್ಲ.

ಸಂಬಳ ಉಳಿಸಲು ಈ ದಾರಿ ಹಿಡಿಯುವವರಿಗೆ ಒಂದು ಮಾತು. ಉಳಿಯುವುದಿಲ್ಲ. ಮೊದಲ ವರ್ಷ ಒಂದು ಕೆಲಸಕ್ಕೆ ಇಬ್ಬರಿಗೆ ಸಂಬಳ ಕೊಡುತ್ತಿರುತ್ತೀರಿ. ಒಬ್ಬರ ಮೇಲೆ ಎಂಬತ್ತು ಸಾವಿರದ ಹತ್ತಿರ ಹೆಚ್ಚಿಗೆ ಬೀಳುತ್ತದೆ. ನಾನು ಎರಡು ವರ್ಷ ಗೋಡೆಗೆ ಸುಣ್ಣ ಹೊಡೆಸಲಿಲ್ಲ. ಆ ದುಡ್ಡು ಇಲ್ಲಿಗೆ ಬಂತು.

ಪೋಷಕರ ಗಲಾಟೆ ಇನ್ನೊಂದು. ವಾಟ್ಸಾಪ್ ಗ್ರೂಪಿನಲ್ಲಿ ಯಾರೋ "ಆಯಾ ಕ್ಲಾಸ್ ತಗೊಳ್ತಿದ್ದಾರಂತೆ, ಫೀಸ್ ಮಾತ್ರ ಪೂರ್ತಿ" ಎಂದು ಹಾಕಿದರು. ನಾಲ್ಕೈದು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಅರವತ್ತು ಎಪ್ಪತ್ತು ಸಾವಿರ ಹೋಯಿತು. ನಾನು ಮೀಟಿಂಗ್ ಕರೆದು ಭಾಷಣ ಮಾಡಲಿಲ್ಲ. ಡಬ್ಬಿ ಹೊತ್ತಿನಲ್ಲಿ ಒಂದು ಸ್ಟೂಲ್ ಹಾಕಿದೆ. ಯಾವ ತಾಯಿ ತಂದೆ ಬೇಕಾದರೂ ಬಂದು ಕೂರಬಹುದು, ಮಾತಾಡುವಂತಿಲ್ಲ. ಮನೆಯಲ್ಲಿ ಕೈಯಲ್ಲಿ ಮೊಬೈಲ್ ಇಲ್ಲದೆ ತುತ್ತು ನುಂಗದ ಮಗು ಇಲ್ಲಿ ತಾನೇ ಚಪಾತಿ ಹರಿದು ತಿನ್ನುವುದನ್ನು ನೋಡಿದ ಮೇಲೆ ಮಾತು ನಿಂತಿತು. ಇಬ್ಬರು ವಾಪಸ್ ಬಂದರು.

ಇಂಗ್ಲಿಷ್ ದೊಡ್ಡ ಹೆದರಿಕೆ ಆಗಿತ್ತು. ಪೋಷಕರಿಗೆ ಇಂಗ್ಲಿಷ್ ಬೇಕೇ ಬೇಕು, ಇವರಿಗೆ ಬಾಯಿ ಬರುವುದಿಲ್ಲ. ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಇಬ್ಬರಿಗೆ ಫೀಸು ಕಟ್ಟಿದೆ, ಮೂರು ಮೂರು ಸಾವಿರ. ಏನೂ ಆಗಲಿಲ್ಲ. ಆಮೇಲೆ ಮೂವತ್ತು ನಲವತ್ತು ವಾಕ್ಯ ಆರಿಸಿದೆ. 'ವಾಶ್ ಯುವರ್ ಹ್ಯಾಂಡ್ಸ್', 'ಓಪನ್ ದ ಬಾಕ್ಸ್', ಈ ಥರದ್ದು. ಯಾವ ಕೆಲಸದ ವಾಕ್ಯವೋ ಆ ಕೆಲಸ ಮಾಡುವಾಗ ಮಾತ್ರ ಅದನ್ನು ಹೇಳುವುದು. ಕಥೆ, ಸಮಾಧಾನ, ಬೈಗುಳ ಎಲ್ಲ ಕನ್ನಡದಲ್ಲೇ. ಈಗ ಮಕ್ಕಳ ಬಾಯಲ್ಲೂ ಆ ವಾಕ್ಯಗಳು ಸಲೀಸಾಗಿ ಬರುತ್ತವೆ, ಇವರ ಬಾಯಲ್ಲೂ.

ನಡುವೆ ಸುಮಾರು ಪ್ರಯೋಗಗಳೂ ಆದವು. ಎಣಿಸಲು ಹುಣಸೆ ಬೀಜ ಕೊಟ್ಟೆವು. ಒಬ್ಬ ಮೂಗಿಗೆ ತುರುಕಿಕೊಂಡ. ಇಎನ್‌ಟಿ ಡಾಕ್ಟರ ಫೀಸು ಏಳುನೂರೋ ಎಂಟುನೂರೋ. ಹುಣಸೆ ಬೀಜಕ್ಕೆ ಅಂದೇ ವಿದಾಯ. ಕೊಬ್ಬರಿ ಊರಿನಲ್ಲಿ ಕರಟಕ್ಕೆ ಏನು ಬರ? ಅಂಚನ್ನು ಉಪ್ಪುಕಾಗದದಲ್ಲಿ ಚೆನ್ನಾಗಿ ಉಜ್ಜಿ, ದೊಡ್ಡದರಿಂದ ಚಿಕ್ಕದಕ್ಕೆ ಹತ್ತು ಕರಟ ಜೋಡಿಸುವ ಆಟ ಮಾಡಿದೆವು. ಬೀರುವಿನಲ್ಲಿದ್ದ ಮಾಂಟೆಸ್ಸರಿ ಸಾಮಾನಿನಲ್ಲಿ ಇದೇ ಥರ ದೊಡ್ಡದರಿಂದ ಚಿಕ್ಕದಕ್ಕೆ ಮರದ ತುಂಡು ಪೇರಿಸುವ ಗುಲಾಬಿ ಗೋಪುರ ಇತ್ತು, ಅದಕ್ಕಿಂತ ಮಕ್ಕಳು ಇದನ್ನೇ ಜಾಸ್ತಿ ಕೇಳುತ್ತಾರೆ. ಒಡೆದರೆ ಯಾರೂ ಹೆದರುವುದಿಲ್ಲ, ಹಾಗಾಗಿ ಬೀಗವೂ ಇಲ್ಲ. ಆಮೇಲೆ ಗುಲಾಬಿ ಗೋಪುರವೂ ಹೊರಗೆ ಬಂತು ಅನ್ನಿ. ಬೆರಳಿನಲ್ಲಿ ಗೆರೆ ಎಳೆಯಲು ತಟ್ಟೆಯಲ್ಲಿ ರಂಗೋಲಿ ಪುಡಿ ಹಾಕಿದೆವು, ಕೆಮ್ಮು ಬಂತು. ರವೆ ಹಾಕಿದೆವು, ಇರುವೆ ಬಂತು. ಈಗ ತೊಳೆದು ಒಣಗಿಸಿದ ಮರಳು. ಮರಳಿನ ಮೇಲೆ ಚುಕ್ಕಿ ಇಟ್ಟು ಸೇರಿಸುವುದನ್ನು ಈ ಹೆಂಗಸರಿಗೆ ಯಾರೂ ಕಲಿಸಬೇಕಾಗಿರಲಿಲ್ಲ, ಅವರೇ ನನಗೆ ಕಲಿಸಿದರು. ಆಟದ ಹಿಟ್ಟಿಗೆ ರಾಗಿ ಹಿಟ್ಟು ಕಲಸಿ ನೋಡಿದೆವು, ಬಿರುಕು ಬಿಡುತ್ತದೆ. ಮೈದಾ, ಉಪ್ಪು, ಎಣ್ಣೆ ಸಾಕು. ಮಳೆಗಾಲದಲ್ಲಿ ಎರಡು ದಿನಕ್ಕೆ ಎಸೆಯಿರಿ, ಬೂಸ್ಟು ಹಿಡಿಯುತ್ತದೆ.

ಮೊಬೈಲಿನಲ್ಲಿ ಕ್ಲಾಸು ರೆಕಾರ್ಡ್ ಮಾಡಿ ತೋರಿಸುವುದನ್ನೂ ಮಾಡಿದೆ. ಕ್ಯಾಮೆರಾ ಕಂಡರೆ ಹೆಂಗಸರು ಸೆರಗು ಸರಿಮಾಡಿಕೊಂಡು ಕಲ್ಲಿನ ಹಾಗೆ ನಿಲ್ಲುತ್ತಿದ್ದರು. ಒಬ್ಬರ ಮನೆಯವರು ಬಂದು ತಕರಾರು ತೆಗೆದರು. ಬಿಟ್ಟೆ. ನೋಟ್‌ಬುಕ್ಕೇ ವಾಸಿ.

ಕಾಗದ ಬೇಕು ಅನ್ನುವವರಿಗೆ ಹೇಳುವುದಾದರೆ, 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೇ ಅಂಗನವಾಡಿಯವರಿಗೆ ಇದೇ ದಾರಿ ಹೇಳಿದೆ. ಪಿಯುಸಿ ಆದವರಿಗೆ ಆರು ತಿಂಗಳ ಸರ್ಟಿಫಿಕೇಟ್, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ, ಕೆಲಸ ಬಿಡದೆ. ನನ್ನ ಮಟ್ಟಿಗೆ ಸರ್ಟಿಫಿಕೇಟ್ ಬೇಡ ಅಂತಲ್ಲ. ಹೊತ್ತು ಹಿಡಿಯಲು ಬಂದ ಮೇಲೆ ಓದಿದರೆ ಓದಿದ್ದು ತಲೆಗೆ ಹತ್ತುತ್ತದೆ. ನಮ್ಮಲ್ಲಿ ಒಬ್ಬರು ಈಗ ಪಿಯುಸಿ ಪರೀಕ್ಷೆಗೆ ಕಟ್ಟಿದ್ದಾರೆ. ಫೀಸು ನಾನೇ ಕೊಟ್ಟೆ.

ಕಳೆದ ಎರಡು ವರ್ಷದಲ್ಲಿ ನಡುವರ್ಷದಲ್ಲಿ ಬಿಟ್ಟು ಹೋದವರು ಯಾರೂ ಇಲ್ಲ. ದೊಡ್ಡ ಶಾಲೆಯವರು ಒಬ್ಬರಿಗೆ ಮೂರು ಸಾವಿರ ಜಾಸ್ತಿ ಕೊಡುತ್ತೇವೆ ಅಂತ ಕರೆದರು. ಅವರು ಬಂದು ನನಗೆ ಹೇಳಿದರು, ನಾನು ಒಂದು ಸಾವಿರ ಏರಿಸಿದೆ, ಉಳಿದರು. ನಾಳೆ ಹೋದರೂ ಹೋಗಬಹುದು. ಅದಕ್ಕೇ ಯಾವಾಗಲೂ ಇಬ್ಬರು ಕಲಿಯುತ್ತಿರುವಂತೆ ನೋಡಿಕೊಳ್ಳುತ್ತೇನೆ.

ಶುರು ಮಾಡುವವರು ಜೂನ್‌ನಲ್ಲಿ ಮಾತ್ರ ಮಾಡಬೇಡಿ. ಆಗ ಹಳಬರಿಗೇ ಉಸಿರಾಡಲು ಪುರುಸೊತ್ತಿರುವುದಿಲ್ಲ. ಅಳುವ ಮಕ್ಕಳಿಗೆ ನಮ್ಮದೊಂದು ಉಪಾಯ ಇದೆ, ಅದಕ್ಕೆ ಒಂದು ಸ್ಟೀಲ್ ಲೋಟ ಬೇಕು ಅಂತ ಮಾತ್ರ ಹೇಳುತ್ತೇನೆ, ಉಳಿದದ್ದು ಬಂದು ನೋಡಿದವರಿಗೆ. ದೀಪಾವಳಿ ಮುಗಿದ ಮೇಲೆ ಮಕ್ಕಳು ಹೊಂದಿಕೊಂಡಿರುತ್ತಾರೆ, ಹೊಸಬರಿಗೆ ನೋಡಲು ಸಮಯ ಇರುತ್ತದೆ, ಮಾರ್ಚ್ ಒಳಗೆ ಎರಡು ಹೊತ್ತು ಕೈಗೆ ಬಂದಿರುತ್ತದೆ. ಮುಂದಿನ ಜೂನ್‌ಗೆ ಗೇಟಿನ ಹೊತ್ತು ಕೊಡಬಹುದು. ಗೇಟನ್ನು ಮಾತ್ರ ಮೂರನೆಯದಕ್ಕಿಂತ ಮೊದಲು ಯಾರಿಗೂ ಕೊಡಬೇಡಿ. ಅಲ್ಲಿ ಮಕ್ಕಳಿಗಿಂತ ಅಮ್ಮಂದಿರನ್ನು ಸಂಭಾಳಿಸುವುದೇ ಜಾಸ್ತಿ.