ವೈಫೈ ಬರ್ತಿಲ್ಲವೇ? ಮೊದಲು ಒಳಗೆ ಯಾವ ಕಾರ್ಡ್ ಇದೆ ನೋಡಿ

ಹಾಸನದ ಗೆಳೆಯರೇ, ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿದ ಮೇಲೆ ವೈಫೈ ಬರ್ತಿಲ್ಲ ಅಂದ್ರೆ ಸುಮ್ನೆ ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡಬೇಡಿ. ಟರ್ಮಿನಲ್, ಅಂದ್ರೆ ಕಮಾಂಡ್ ಟೈಪ್ ಮಾಡೋ ಕಿಟಕಿ, ತೆರೆಯಿರಿ. ಎಲ್‌ಎಸ್‌ಪಿಸಿಐ ಅಂತ ಇಂಗ್ಲಿಷ್ ಸಣ್ಣಕ್ಷರಗಳಲ್ಲಿ, ಒಟ್ಟಿಗೆ ಟೈಪ್ ಮಾಡಿ. ಆಮೇಲೆ ಒಂದು ಸ್ಪೇಸ್, ಒಂದು ಹೈಫನ್, ಅದಕ್ಕೆ ಅಂಟಿಸಿ ಎನ್‌ಎನ್‌ಕೆ. ಎಂಟರ್ ಒತ್ತಿ. ಒಳಗಿರೋ ಕಾರ್ಡ್‌ಗಳ ಪಟ್ಟಿ ಬರುತ್ತೆ.

ಮೊನ್ನೆ ಚಿಕ್ಕಪ್ಪ ಸಕಲೇಶಪುರದ ತೋಟದಿಂದ ತಮ್ಮ ಲ್ಯಾಪ್‌ಟಾಪ್ ತಂದಿದ್ದರು. ಅದರಲ್ಲಿ ಹೀಗೇ ಮಾಡಿದಾಗ ಪಟ್ಟಿಯಲ್ಲಿ 'ನೆಟ್‌ವರ್ಕ್ ಕಂಟ್ರೋಲರ್' ಅನ್ನೋ ಸಾಲು ಇತ್ತು. ಅಂದ್ರೆ ಕಾರ್ಡ್ ಸಿಸ್ಟಮ್‌ಗೆ ಕಾಣಿಸ್ತಿದೆ. ಆದರೆ ಅದರ ಕೆಳಗೆ 'ಕರ್ನಲ್ ಡ್ರೈವರ್ ಇನ್ ಯೂಸ್' ಅನ್ನೋ ಸಾಲೇ ಇರಲಿಲ್ಲ. ಡ್ರೈವರ್, ಅಂದ್ರೆ ಕಾರ್ಡ್‌ನಿಂದ ಕೆಲಸ ಮಾಡಿಸೋ ಸಾಫ್ಟ್‌ವೇರ್, ಕೂತಿಲ್ಲ, ಅಷ್ಟೇ! ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ (ಫೋನಿನ ನೆಟ್ ಲ್ಯಾಪ್‌ಟಾಪ್‌ಗೆ ಕೊಡೋದು) ಆನ್ ಮಾಡಿದೆವು. ಆ ನೆಟ್‌ನಲ್ಲೇ ಡ್ರೈವರ್ ಮ್ಯಾನೇಜರ್ ತೆರೆದು ಹಾಕಿದೆವು. ರೀಸ್ಟಾರ್ಟ್ ಆದ ಕೂಡಲೇ ವೈಫೈ ಬಂತು. ಚಿಕ್ಕಪ್ಪನ ಮುಖ ನೋಡಬೇಕಿತ್ತು.

'ನೆಟ್‌ವರ್ಕ್ ಕಂಟ್ರೋಲರ್' ಸಾಲಿನ ಕೊನೆಯ ಚೌಕ ಬ್ರಾಕೆಟ್‌ನಲ್ಲಿ ಕೋಲನ್‌ನ ಎರಡೂ ಕಡೆ ನಾಲ್ಕು ನಾಲ್ಕು ಅಂಕಿ-ಅಕ್ಷರ ಇರುತ್ತವೆ. ಮೊದಲ ನಾಲ್ಕು ತಯಾರಕರದ್ದು, ಉಳಿದದ್ದು ಆ ಮಾದರಿಯದ್ದು. ಇಂಟೆಲ್‌ಗೆ 8086. 1978ರ ಅವರ ಚಿಪ್‌ನ ಹೆಸರೂ ಅದೇ, ಚೆನ್ನಾಗಿದೆ ಅಲ್ವಾ? ಸಹಾಯ ಕೇಳುವಾಗ ಲ್ಯಾಪ್‌ಟಾಪ್ ಬ್ರ್ಯಾಂಡ್‌ಗಿಂತ ಈ ಸಂಖ್ಯೆ ಜಾಸ್ತಿ ಉಪಯೋಗ.

ಯುಎಸ್‌ಬಿ ಡಾಂಗಲ್ (ಹೊರಗಿಂದ ಚುಚ್ಚೋ ಪುಟ್ಟ ವೈಫೈ ಸಾಧನ) ಆದರೆ ಈ ಪಟ್ಟಿಯಲ್ಲಿ ಸಿಗಲ್ಲ. ಅದಕ್ಕೆ ಎಲ್‌ಎಸ್‌ಯುಎಸ್‌ಬಿ ಅಂತ ಟೈಪ್ ಮಾಡಿ. ಡಿಸ್ಕ್‌ಗಳಿಗೆ ಎಲ್‌ಎಸ್‌ಬಿಎಲ್‌ಕೆ. ಇವೆಲ್ಲ ಬರೀ ತೋರಿಸುತ್ತವೆ, ಏನನ್ನೂ ಅಳಿಸಲ್ಲ. ಧೈರ್ಯವಾಗಿ ಒತ್ತಿ. ಗೊತ್ತಾಗದಿದ್ದರೆ ಆ ಎರಡು ಮೂರು ಸಾಲು ಇಲ್ಲೇ ಹಾಕಿ, ಒಟ್ಟಿಗೆ ನೋಡೋಣ.