ಸಿಬಿಲ್ 548ರಿಂದ 760 ದಾಟಿಸಿದ್ದು: ಎಫ್‌ಡಿ ಕಾರ್ಡ್ ಇಟ್ಕೊಂಡು ಮೂರು ವರ್ಷ

ಹೋದ್ ತಿಂಗಳು ಪಿಕಪ್ ಗಾಡಿ ಲೋನ್ ಸ್ಯಾಂಕ್ಷನ್ ಆಯ್ತು. 7 ಲಕ್ಷ, ಬಡ್ಡಿ 11ರ ಆಸುಪಾಸು, 5 ವರ್ಷ. ಇದೇ ಗಾಡಿಗೆ 2022ರಲ್ಲಿ ಬ್ಯಾಂಕ್‌ನೋರು ಅರ್ಜಿ ಮುಟ್ಲೇ ಇಲ್ಲ, ಒಂದು ಫೈನಾನ್ಸ್‌ನೋರು ಮಾತ್ರ 20 ಪರ್ಸೆಂಟ್ ಆದ್ರೆ ಕೊಡ್ತೀವಿ, ಜೊತೆಗೆ ಜಾಮೀನು ತನ್ನಿ ಅಂದ್ರು. ಕೂತು ಲೆಕ್ಕ ಹಾಕಿದ್ರೆ ಕಂತಲ್ಲೇ ತಿಂಗಳಿಗೆ 3 ಸಾವಿರದ ಮೇಲೆ ವ್ಯತ್ಯಾಸ, ಐದು ವರ್ಷಕ್ಕೆ 2 ಲಕ್ಷ ಹತ್ರ ಹತ್ರ. ಆ 2 ಲಕ್ಷ ಉಳಿಸಿದ್ದು 20 ಸಾವಿರದ ಒಂದು ಎಫ್‌ಡಿ (ಬ್ಯಾಂಕಲ್ಲಿಟ್ಟ ಠೇವಣಿ) ಮತ್ತೆ ಅದರ ಭದ್ರತೆ ಮೇಲೆ ತಗೊಂಡ ಒಂದು ಕ್ರೆಡಿಟ್ ಕಾರ್ಡು. ಅದರಿಂದಾನೇ ನನ್ನ ಸಿಬಿಲ್ ಸ್ಕೋರ್, ಅಂದ್ರೆ ಸಾಲ ಸರಿಯಾಗಿ ಕಟ್ತಾನಾ ಅಂತ ಬ್ಯಾಂಕ್‌ನೋರು ನೋಡೋ ಅಂಕ, ಮೇಲೆದ್ದಿದ್ದು. ಆಗಲ್ಲ ಅಂತ ಹೇಳ್ದೋರೇ ಜಾಸ್ತಿ ಇದ್ರು, ಅದಕ್ಕೇ ಬರೀಬೇಕು ಅನ್ನಿಸ್ತು.

ನಂದು ತಿಪಟೂರಲ್ಲಿ ಶಾಮಿಯಾನ, ಚೇರು, ಪಾತ್ರೆ ಬಾಡಿಗೆ ಕೊಡೋ ಕೆಲಸ. ದುಡ್ಡು ಬಂದ್ರೆ ವೈಶಾಖದಲ್ಲಿ ರಾಶಿ ಬರುತ್ತೆ, ಆಷಾಢ ಧನುರ್ಮಾಸದಲ್ಲಿ ಗೋಡೌನ್ ಬೀಗಾನೇ ತೆಗೆಯಲ್ಲ. ಕೊಬ್ಬರಿ ರೇಟು ಬಿದ್ದ ವರ್ಷ ಮದುವೆಗಳೂ ಸಣ್ಣದಾಗ್ತವೆ. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ ಕಾರ್ಡ್ ಬಗ್ಗೆ ಸಲಹೆ ಕೊಡೋರೆಲ್ಲ ಒಂದನೇ ತಾರೀಖು ಸಂಬಳ ಬರೋರು, ಅವರ ಲೆಕ್ಕ ನಮ್ಮಂಥೋರಿಗೆ ಹೊಂದಲ್ಲ, ನಾನು ಮೊದ್ಲು ಎಡವಿದ್ದೂ ಅಲ್ಲೇ.

2020ರ ಮಾರ್ಚಲ್ಲಿ ಬುಕ್ಕಿಂಗೆಲ್ಲ ಕ್ಯಾನ್ಸಲ್. ಆಗ ಕಾರ್ಡಲ್ಲಿ 38 ಸಾವಿರ ಬಾಕಿ ಇತ್ತು, ಒಂದು ಪರ್ಸನಲ್ ಲೋನೂ ಇತ್ತು. ಆರ್‌ಬಿಐ ಆಗಸ್ಟ್ ತನಕ ಕಂತು ಮುಂದೂಡೋಕೆ ಅವಕಾಶ ಕೊಡ್ತಲ್ಲ, ನಾನು ಅದನ್ನ ಬಡ್ಡಿನೂ ಇಲ್ಲ ಅಂತ ತಿಳ್ಕೊಂಡು ನೆಮ್ಮದಿಯಾಗಿದ್ದೆ. ಬಡ್ಡಿ ಓಡ್ತಾನೇ ಇತ್ತು. ತಿಂಗಳಿಗೆ ಮೂರೂವರೆ ಪರ್ಸೆಂಟು, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಸೆಪ್ಟೆಂಬರ್ ಆದ್ಮೇಲೆ ಲೇಟ್ ಫೀಸ್ ಬೇರೆ, 2021ರ ಮಧ್ಯಕ್ಕೆ 80 ಸಾವಿರ ದಾಟಿತ್ತು. ರಿಕವರಿಯೋನು ದಿನಾ ಫೋನ್ ಮಾಡೋನು, ಕೊನೆಗೆ 40 ಸಾವಿರಕ್ಕೆ ಮುಗಿಸಿಕೊಡ್ತೀವಿ ಅಂದ, ನಮ್ಮೋಳ ಎರಡು ಬಳೆ ಅಡ ಇಟ್ಟು ಕಟ್ಟಿ ಕೈ ತೊಳ್ಕೊಂಡೆ. ಸಿಬಿಲ್ ರಿಪೋರ್ಟಲ್ಲಿ 'ಸೆಟಲ್ಡ್' (ಪೂರ್ತಿ ಕಟ್ಟದೆ ರಾಜಿಯಲ್ಲಿ ಮುಗಿಸಿದ್ದು) ಅಂತ ಬಿತ್ತು. ಅರ್ಧ ದುಡ್ಡು ಉಳೀತು ಅಂತ ಅವತ್ತು ಖುಷಿ ಪಟ್ಟಿದ್ದೆ, ಆ ಒಂದು ಪದ ಎಷ್ಟು ಕಡೆ ಬಾಗಿಲು ಹಾಕ್ಸುತ್ತೆ ಅಂತ ಆಮೇಲೆ ಗೊತ್ತಾಯ್ತು.

2022ರ ಶುರುವಲ್ಲಿ ಗಾಡಿಗೆ ಅಂತ ಒಂದೇ ವಾರದಲ್ಲಿ ಆರು ಕಡೆ ಅರ್ಜಿ ಹಾಕ್ದೆ. ಆರೂ ಎನ್‌ಕ್ವೈರಿ (ಸಾಲ ಕೇಳಿದ್ದಾನೆ ಅನ್ನೋ ದಾಖಲೆ) ಆಗಿ ರಿಪೋರ್ಟಲ್ಲಿ ಕೂತ್ಕೊಂಡ್ವು, ಆ 20 ಪರ್ಸೆಂಟ್ ಫೈನಾನ್ಸ್‌ನೋರು ಬಿಟ್ರೆ ಎಲ್ಲಾ ರಿಜೆಕ್ಟ್. ಸ್ಕೋರ್ 560 ಚಿಲ್ಲರೆ ಇದ್ದಿದ್ದು 548ಕ್ಕೆ ಬಂತು. ಅದಾದ್ಮೇಲೆ ತುಮಕೂರಲ್ಲಿ ಒಬ್ಬ ಏಜೆಂಟು ಸಿಬಿಲ್ ಕ್ಲೀನ್ ಮಾಡಿಕೊಡ್ತೀನಿ ಅಂತ 6,500 ಇಸ್ಕೊಂಡ. ಮಾಡಿದ್ದಿಷ್ಟೇ, ನನ್ನ ರಿಪೋರ್ಟಲ್ಲಿದ್ದ ಎಲ್ಲಾ ಅಕೌಂಟಿನ ಮೇಲೂ ಡಿಸ್ಪ್ಯೂಟ್ (ಇದು ತಪ್ಪಿದೆ ಅನ್ನೋ ತಕರಾರು) ಹಾಕಿದ. ಡಿಸ್ಪ್ಯೂಟ್ ಹಾಕೋಕೆ ನಯಾಪೈಸೆ ಖರ್ಚಿಲ್ಲ, ಮೊಬೈಲಲ್ಲಿ ನಾವೇ ಹಾಕ್ಬೋದು, ಬ್ಯಾಂಕು ಹೂಂ ಅನ್ನದೆ ಬ್ಯೂರೋನೋರು (ಸಿಬಿಲ್ ಥರ ಸ್ಕೋರ್ ಕೊಡೋ ಕಂಪನಿಯೋರು) ಒಂದಕ್ಷರ ಬದಲಾಯಿಸಲ್ಲ. ಎಲ್ಲಾ ವಾಪಸ್ ಬಂತು. ಇಂಥೋರಿಗೆ ದುಡ್ಡು ಕೊಡಬೇಡಿ ಅಂತ ಕೈ ಮುಗಿದು ಕೇಳ್ತೀನಿ, ಆ 6,500 ನೆನಪಾದ್ರೆ ನಂಗೆ ಈಗ್ಲೂ ಹೊಟ್ಟೆ ಉರಿಯುತ್ತೆ.

ಎಫ್‌ಡಿ ಮೇಲೆ ಕಾರ್ಡ್ ತಗೋತೀನಿ ಅಂದಾಗ ಭಾವ ಬೈದ್ರು. "ಹಗಲು ಕಂಡ ಬಾವೀಲಿ ರಾತ್ರಿ ಬೀಳ್ತೀಯಲ್ಲೋ, ಕಾರ್ಡಿಂದ ತಾನೇ ಹಾಳಾಗಿದ್ದು?" ಅಂತ. ಪರಿಚಯದ ಬ್ಯಾಂಕಿನ ಸಾಹೇಬ್ರೊಬ್ರು, ಸೆಟಲ್ಡ್ ಬಿದ್ದಿದ್ರೆ ಏಳು ವರ್ಷ ಸುಮ್ನೆ ಇರಿ, ಏನು ಮಾಡಿದ್ರೂ ಮೇಲೇಳಲ್ಲ ಅಂದ್ರು. ಏಳು ವರ್ಷ ಚೇರುಗಳನ್ನ ಬಾಡಿಗೆ ಟೆಂಪೋದಲ್ಲಿ ಹೊಡೆಸಿದ್ರೆ ಆ ಬಾಡಿಗೆ ದುಡ್ಡಲ್ಲೇ ಒಂದು ಗಾಡಿ ಬರುತ್ತೆ. 2022ರ ಯುಗಾದಿ ಆದ್ಮೇಲೆ 20 ಸಾವಿರ ಎಫ್‌ಡಿ ಇಟ್ಟೆ, 18 ಸಾವಿರ ಲಿಮಿಟ್ ಬಂತು. ಎಫ್‌ಡಿ ಅವರ ಹತ್ರಾನೇ ಇರೋದ್ರಿಂದ ಹಳೇ ಸ್ಕೋರ್ ನೋಡಿ ಯಾರೂ ಬೇಡ ಅನ್ಲಿಲ್ಲ.

ಮೊದಲ ಮೂರು ತಿಂಗಳು ಸಣ್ಣಪುಟ್ಟ ಖರ್ಚು, 571 ಆಯ್ತು. ಹುಮ್ಮಸ್ಸು ಬಂತು. ನಾಲ್ಕನೇ ತಿಂಗಳು ಸೂರತ್‌ನಿಂದ ಬಟ್ಟೆ ತರಿಸಿದ್ದಕ್ಕೆ 17 ಸಾವಿರ ಕಾರ್ಡಲ್ಲೇ ಉಜ್ಜಿದೆ, ಡ್ಯೂ ಡೇಟಿಗೆ (ಬಿಲ್ ಕಟ್ಟೋಕೆ ಕೊನೇ ದಿನ) ಎರಡು ದಿನ ಮುಂಚೆನೇ ಪೂರ್ತಿ ಕಟ್ಟಿದೆ, ಒಂದು ರೂಪಾಯಿ ಬಾಕಿ ಇಲ್ಲ. ಸ್ಕೋರ್ ನೋಡಿದ್ರೆ 552! ಎರಡು ದಿನ ತಲೆ ಕೆಟ್ಟು ಹೋಯ್ತು. ಆಮೇಲೆ ರಿಪೋರ್ಟ್ ಡೌನ್‌ಲೋಡ್ ಮಾಡಿ ಆ ಅಕೌಂಟಿನ ಬಾಕಿ ನೋಡ್ದೆ, 17 ಸಾವಿರ ಅಂತಾನೇ ಇತ್ತು. ನಾನು ಕಟ್ಟಿದ್ದು ಡ್ಯೂ ಡೇಟ್ ಹತ್ರ, ಬ್ಯಾಂಕ್‌ನೋರು ಬ್ಯೂರೋಗೆ ಕಳ್ಸಿದ್ದು ಬಿಲ್ ಆದ ದಿನದ ಬಾಕಿ. 18ರಲ್ಲಿ 17 ತಿಂದೋನು ಅಂತ ನನ್ನ ಹೆಸರು ಹೋಗಿತ್ತು. ಲಿಮಿಟ್‌ನ ಮೂವತ್ತು ಪರ್ಸೆಂಟ್ ಒಳಗೆ ಖರ್ಚು ಇರ್ಲಿ ಅಂತ ಎಲ್ರೂ ಹೇಳ್ತಾರೆ, ಯಾವತ್ತಿನ ಮೂವತ್ತು ಅಂತ ಯಾರೂ ಹೇಳಲ್ಲ.

ಅವತ್ತಿಂದ ನನ್ನ ಪದ್ಧತಿ ಬದಲಾಯ್ತು. ಬಿಲ್ ಆಗೋಕೆ ಮುಂಚೆನೇ ಕಟ್ಟೋದು. ತಿಂಗಳಲ್ಲಿ 10-12 ಸಾವಿರ ಓಡಾಡಿದ್ರೂ ಬಿಲ್‌ನಲ್ಲಿ ಕಾಣೋದು ಒಂದೂವರೆ ಎರಡು ಸಾವಿರ ಮಾತ್ರ, ಅದನ್ನ ಆಮೇಲೆ ಡ್ಯೂ ಡೇಟೊಳಗೆ ಪೂರ್ತಿ ಕಟ್ಟೋದು. ಬಿಲ್ಲಿಗೆ ಎಷ್ಟು ದಿನ ಮುಂಚೆ ಕಟ್ತೀನಿ, ಎಷ್ಟು ಕಂತಾಗಿ ಕಟ್ತೀನಿ ಅನ್ನೋದನ್ನ ಮಾತ್ರ ಹೇಳಲ್ಲ, ಅದು ಬ್ಯಾಂಕ್ ಬ್ಯಾಂಕಿಗೂ ಬೇರೆ, ನಂಗೆ ಸಿಗೋಕೆ ಐದಾರು ತಿಂಗಳು ಹಿಡೀತು. ಬಿಲ್ಲಿಂಗ್ ತಾರೀಖನ್ನೂ ಒಂದ್ಸಲ ಬದಲಾಯಿಸ್ಕೊಂಡೆ, ಆರ್‌ಬಿಐ ರೂಲಲ್ಲೇ ಅವಕಾಶ ಇದೆ, ಕಸ್ಟಮರ್ ಕೇರ್‌ನೋಳು ಮೊದ್ಲು ಆಗಲ್ಲ ಸರ್ ಅಂದ್ಲು, 2022ರ ನಿಯಮ ಓದಿ ನೋಡಮ್ಮ ಅಂದ್ಮೇಲೆ ಹತ್ತು ನಿಮಿಷದಲ್ಲಿ ಆಯ್ತು. 2023ರ ಶುರುವಿಗೆ 610.

ಆಷಾಢದ ಸಮಸ್ಯೆಗೆ ಬೇರೆ ಸೇವಿಂಗ್ಸ್ ಅಕೌಂಟಲ್ಲಿ 8 ಸಾವಿರ ಹಾಕಿ ಅದನ್ನ ಮುಟ್ಟೋದೇ ಇಲ್ಲ, ಆಟೋಪೇ (ಕಾರ್ಡ್ ಬಿಲ್ ತಾನಾಗೇ ಕಟ್ಟಿಹೋಗೋ ವ್ಯವಸ್ಥೆ) ಮಾತ್ರ ಅಲ್ಲಿಂದ. ಕೆಲಸ ಇಲ್ಲದ ತಿಂಗಳು ಕಾರ್ಡಲ್ಲಿ ಮೊಬೈಲ್ ರೀಚಾರ್ಜು, ಗೋಡೌನ್ ಕರೆಂಟ್ ಬಿಲ್ಲು ಇಷ್ಟೇ. ಆದ್ರೂ ಒಂದ್ಸಲ ಪೆಟ್ಟು ಬಿತ್ತು. ಆಟೋಪೇ ಹಾಕುವಾಗ ಪೂರ್ತಿ ಬಿಲ್ ಅನ್ನೋದರ ಬದಲು ಮಿನಿಮಮ್ ಡ್ಯೂ (ಕಮ್ಮಿ ಅಂದ್ರೂ ಕಟ್ಟಬೇಕಾದಷ್ಟು) ಒತ್ತಿದ್ದೆ. ಆ ತಿಂಗಳು ಬಿಲ್ಲಿಗೆ ಮುಂಚೆ ಕಟ್ಟೋದಕ್ಕೂ ಆಗಿರ್ಲಿಲ್ಲ, 5,200 ಬಿಲ್ಲಲ್ಲಿ 260 ಮಾತ್ರ ಹೋಯ್ತು, ನಾನು ಪೂರ್ತಿ ಹೋಗಿದೆ ಅಂದ್ಕೊಂಡು ಮತ್ತೆ ಖರ್ಚು ಮಾಡ್ದೆ, ಹೊಸ ಖರ್ಚಿಗೂ ಮೊದಲ ದಿನದಿಂದಲೇ ಬಡ್ಡಿ. ಎಲ್ಲಾ ಸೇರಿ 400 ಚಿಲ್ಲರೆ ಹೋಯ್ತು. ಲೇಟ್ ಅಂತ ರಿಪೋರ್ಟಲ್ಲಿ ಬೀಳ್ಲಿಲ್ಲ, ಅದೊಂದೇ ಸಮಾಧಾನ.

ನಡುವೆ ಕೆಲವು ಪ್ರಯೋಗಾನೂ ಮಾಡ್ದೆ. ಎರಡು ತಿಂಗಳು ಕಾರ್ಡ್ ಮುಟ್ಟದೇ ಇದ್ರೆ ಏನಾಗುತ್ತೆ ನೋಡೋಣ ಅಂತ ಬೀರುವಲ್ಲಿಟ್ಟೆ. ಸ್ಕೋರ್ ಅಲುಗಾಡ್ಲೇ ಇಲ್ಲ, ಆದ್ರೆ ವಾರ್ಷಿಕ ಫೀಸು 590 ಸದ್ದಿಲ್ಲದೆ ಬಿಲ್ಲಾಗಿ ಬಂದಿತ್ತು. ಅದೇ ಟೈಮಲ್ಲಿ ಆ 8 ಸಾವಿರದ ಅಕೌಂಟನ್ನ ಬೇರೆ ಬ್ರಾಂಚಿಗೆ ಹಾಕ್ಸಿದ್ದರಿಂದ ಆಟೋಪೇ ನಿಂತಿತ್ತು. ಡ್ಯೂ ಡೇಟ್ ಆಗಿ ಎರಡನೇ ದಿನ ನೋಡಿ ಕಟ್ಟಿದೆ. ಮೂರು ದಿನ ದಾಟಿದ್ರೆ ಮಾತ್ರ ಲೇಟ್ ಅಂತ ಕಳಿಸಬೇಕು ಅಂತ ನಿಯಮ ಇರೋದ್ರಿಂದ ಬಚಾವ್. 590 ರೂಪಾಯಿಗೆ ಒಂದೂವರೆ ವರ್ಷದ ಶ್ರಮ ಹೋಗ್ತಿತ್ತು. ಇನ್ನೊಂದು, ರುಪೇ ಕಾರ್ಡ್ ತಗೊಂಡು ಯುಪಿಐಗೆ ಸೇರಿಸಿದ್ದು. ನಮ್ಮ ಕಡೆ ಹಗ್ಗ, ಗೂಟ, ಬಲ್ಬು ಮಾರೋರ ಹತ್ರ ಸ್ವೈಪ್ ಮಷಿನ್ ಎಲ್ಲಿರುತ್ತೆ, ಕ್ಯೂಆರ್ ಎಲ್ರ ಹತ್ರಾನೂ ಇದೆ. ಅಂಗಡಿ ಕ್ಯೂಆರ್‌ಗೆ ಮಾತ್ರ ಹೋಗುತ್ತೆ, ಹುಡುಗರಿಗೆ ಕೂಲಿ ಕಳ್ಸಕ್ಕೆ ಆಗಲ್ಲ, ಅದೂ ಒಳ್ಳೇದೇ ಆಯ್ತು. ಚಿನ್ನದ ಸಾಲ 30 ಸಾವಿರ ತಗೊಂಡು ಟೈಮಿಗೆ ತೀರಿಸಿದ್ರೆ ಸ್ಕೋರ್ ಏರುತ್ತೆ ಅಂತ ಯಾರೋ ಹೇಳಿದ್ರು, ಮಾಡ್ದೆ, ನಾಲ್ಕೋ ಐದೋ ಪಾಯಿಂಟು ಬಂದಿರ್ಬೋದು, ಕಟ್ಟಿದ ಬಡ್ಡಿಗೆ ಹೋಲಿಸಿದ್ರೆ ಏನೂ ಅಲ್ಲ.

655ಕ್ಕೆ ಬಂದು ನಿಂತೋಯ್ತು, ಆರು ತಿಂಗಳು ಜಗ್ಗಲಿಲ್ಲ. ಎಷ್ಟು ಶಿಸ್ತಾಗಿದ್ರೂ ಆ 'ಸೆಟಲ್ಡ್' ಅನ್ನೋದು ಕಲ್ಲು ಥರ ಅಡ್ಡ ಕೂತಿತ್ತು. 2024ರ ಫೆಬ್ರವರಿಯಲ್ಲಿ ಹಳೇ ಬ್ಯಾಂಕಿಗೇ ಹೋಗಿ, ಅವತ್ತು ನೀವು ಬಿಟ್ಟುಕೊಟ್ಟಿದ್ದ ದುಡ್ಡು ನಾನು ಕಟ್ತೀನಿ, 'ಕ್ಲೋಸ್ಡ್' (ಸಾಲ ತೀರಿದೆ) ಅಂತ ಮಾಡಿಕೊಡಿ ಅಂದೆ. ಅವರು ಕೇಳಿದ್ದು 40 ಸಾವಿರ, ನಾನು ಕೊಟ್ಟಿದ್ದು 22 ಸಾವಿರದ ಹತ್ರ. ಪತ್ರ ಹೇಗೆ ಬರೆದೆ, ಯಾರ ಟೇಬಲ್ಲಿಗೆ ಕಳ್ಸಿದೆ ಅನ್ನೋದು ನನ್ನ ಹತ್ರಾನೇ ಇರ್ಲಿ. ಒಂದು ಮಾತ್ರ ಹೇಳ್ತೀನಿ, ದುಡ್ಡು ಕಟ್ಟೋ ಮುಂಚೆನೇ ಲಿಖಿತದಲ್ಲಿ ಇಸ್ಕೊಳ್ಳಿ, ಬಾಯಿ ಮಾತು ನಂಬಬೇಡಿ. ನೋ ಡ್ಯೂಸ್ (ಬಾಕಿ ಇಲ್ಲ ಅನ್ನೋ) ಪತ್ರ ಮಾರ್ಚಲ್ಲಿ ಬಂತು, ರಿಪೋರ್ಟಲ್ಲಿ ಮಾತ್ರ ಸೆಟಲ್ಡ್ ಹಂಗೇ ಇತ್ತು. ಮೇ ತಿಂಗಳಲ್ಲಿ ಡಿಸ್ಪ್ಯೂಟ್ ಹಾಕ್ದೆ. 30 ದಿನದಲ್ಲಿ ಸರಿ ಮಾಡ್ದೆ ಇದ್ರೆ ದಿನಕ್ಕೆ 100 ರೂಪಾಯಿ ಕೊಡ್ಬೇಕು ಅನ್ನೋ ಆರ್‌ಬಿಐ ನಿಯಮ ಆ ಏಪ್ರಿಲಲ್ಲಿ ತಾನೇ ಜಾರಿಗೆ ಬಂದಿತ್ತು, 31ನೇ ದಿನ ಅದನ್ನೇ ಬರೆದು ಮೇಲ್ ಹಾಕ್ದೆ. 42ನೇ ದಿನಕ್ಕೋ ಏನೋ ಕ್ಲೋಸ್ಡ್ ಆಯ್ತು, 1,200 ರೂಪಾಯಿ ಖಾತೆಗೂ ಬಂತು. ಆ 1,200ರ ಮೆಸೇಜ್ ಮನೇಲಿ ಎಲ್ರಿಗೂ ತೋರಿಸ್ದೆ.

ಜುಲೈಗೆ 708. ಆಮೇಲೆ ಓಟ ಸಲೀಸು. 2025ರ ಜನವರಿಯಿಂದ ಬ್ಯಾಂಕ್‌ನೋರು 15 ದಿನಕ್ಕೊಂದ್ಸಲ ಬ್ಯೂರೋಗೆ ಲೆಕ್ಕ ಕಳಿಸಬೇಕು ಅಂತಾದ್ಮೇಲೆ ಕಟ್ಟಿದ್ದು ಬೇಗ ಕಾಣ್ಸೋಕೆ ಶುರುವಾಯ್ತು, ಮುಂಚೆ ಒಂದೂವರೆ ತಿಂಗಳು ಕಾಯ್ಬೇಕಿತ್ತು. ಆದ್ರೆ ಆಗ ಹದಿನೈದನೇ ತಾರೀಖಿನ ಮೇಲೂ ಕಣ್ಣಿಡಬೇಕಾಯ್ತು, ನನ್ನ ಹಳೇ ಲೆಕ್ಕ ಸ್ವಲ್ಪ ತಿರುಗಿಸ್ಕೊಂಡೆ. 741 ಇದ್ದಾಗ ಎಫ್‌ಡಿ ಕಾರ್ಡ್ ಕೊಟ್ಟ ಬ್ಯಾಂಕೇ ಎಫ್‌ಡಿ ಇಲ್ಲದ ಕಾರ್ಡ್ ಕೊಡ್ತೀವಿ ಅಂತ ಫೋನ್ ಮಾಡ್ತು, 60 ಸಾವಿರ ಲಿಮಿಟ್. ಹಳೇ ಕಾರ್ಡನ್ನ ಮಾತ್ರ ಕ್ಲೋಸ್ ಮಾಡ್ಲಿಲ್ಲ, ಮೂರು ವರ್ಷದ ವಯಸ್ಸು ಅದಕ್ಕಿದೆ. ಲೋನಿಗೆ ಹೋದಾಗ 763, ಅರ್ಜಿ ಹಾಕಿದ್ದು ಒಂದೇ ಒಂದು ಕಡೆ.

ಖರ್ಚಿನ ಲೆಕ್ಕ ಕೇಳೋರಿಗೆ: ಏಜೆಂಟಿಗೆ ದಂಡ ತೆತ್ತ 6,500 ಬಿಟ್ರೆ, ಬ್ಯಾಂಕಿಗೆ 22 ಸಾವಿರ, ಫೀಸು ಬಡ್ಡಿ ಎಲ್ಲಾ ಸೇರಿ ಎರಡೂವರೆ ಮೂರು ಸಾವಿರ ಇರ್ಬೋದು. 20 ಸಾವಿರದ ಎಫ್‌ಡಿ ಬಡ್ಡಿ ಸಮೇತ ಹಂಗೇ ಇದೆ.

ಗಾಡಿ ಪೂಜೆಗೆ ಭಾವ ಬಂದಿದ್ರು. ಊಟ ಆದ್ಮೇಲೆ ಮೊಬೈಲ್ ಕೊಟ್ಟು "ನಂದೂ ಒಂದ್ಸಲ ನೋಡೋ" ಅಂದ್ರು. 612 ಇತ್ತು, ಯಾರಿಗೋ ಜಾಮೀನು ಹಾಕಿದ್ದ ಟ್ರ್ಯಾಕ್ಟರ್ ಲೋನು ಬಾಕಿ ಅಂತ ಅವರ ತಲೆ ಮೇಲೆ ಕೂತಿದೆ. ಜಾಮೀನಿನ ಗಂಟು ನಾನು ಇನ್ನೂ ಬಿಚ್ಚಿ ನೋಡಿಲ್ಲ. ಸೋಮವಾರ ಇಬ್ರೂ ಬ್ಯಾಂಕಿಗೆ ಹೋಗ್ತಿದೀವಿ, 15 ಸಾವಿರದ ಎಫ್‌ಡಿ ಮಾಡ್ಸಕ್ಕೆ.